ಪ್ರಾಚೀನ ದಂತಾವಶೇಷಗಳು ಮತ್ತು ಪ್ರಾಗಿತಿಹಾಸದ ಜನಜೀವನ

ಕರ್ನಾಟಕದ ಇತಿಹಾಸ ರಚನೆಯಲ್ಲಿ ಶಾಸನಗಳು ಪಡೆದಿರುವ ಸ್ಥಾನ ನಿರ್ವಿವಾದವಾದುದು. ದಾನ ಕೊಟ್ಟ ಅರಸ, ದಾನ ಪಡೆದ ಅಗ್ರಹಾರ, ತುರುಗೋಳಿನಲ್ಲಿ ಮಡಿದ ವೀರ, ಕೆರೆ ಕಟ್ಟಿಸಿದ ಗಾವುಂಡ ಮೊದಲಾದವರ ಹೆಸರುಗಳು ಕಲ್ಲಿನ ಮೇಲೆ ಉಳಿದುಬಂದಿವೆ. ಆದರೆ ಕಲ್ಲಿನ ಮೇಲೆ ಹೆಸರು ಬರೆಸಿಕೊಳ್ಳದೆ ಬದುಕಿ ಮಣ್ಣಾದವರ ಸಂಖ್ಯೆ ಅದಕ್ಕಿಂತ ಎಷ್ಟೋ ಪಾಲು ದೊಡ್ಡದು. ರಾಯಚೂರು ಜಿಲ್ಲೆಯ ಮಸ್ಕಿ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಎಂದೊಡನೆ ಇತಿಹಾಸಾಸಕ್ತರಿಗೆ ನೆನಪಾಗುವುದು ಅಶೋಕನ ಶಾಸನಗಳು. ಆ ಅರಸನ ಆಜ್ಞೆಯನ್ನು ಬಂಡೆಯ ಮೇಲೆ ಕೊರೆಯುವುದಕ್ಕೆ ಸಾವಿರ ವರ್ಷಗಳಿಗಿಂತಲೂ ಮೊದಲೇ ಬ್ರಹ್ಮಗಿರಿಯ ಜನರು ತಮ್ಮ ಎಳೆಯ ಮಕ್ಕಳನ್ನು ಮಡಕೆಗಳಲ್ಲಿಟ್ಟು ಅದೇ ನೆಲದಲ್ಲಿ ಹೂಳುತ್ತಿದ್ದರೆಂಬುದು 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದಿಂದ ತಿಳಿದುಬಂದಿತು. ಆ ಮಕ್ಕಳ, ಅವರ ತಾಯಂದಿರ ಬದುಕನ್ನು ಕುರಿತು ಯಾವ ಶಾಸನವೂ ಹೇಳಲಾರದು. ಅವರಿಗೆ ಸಂಬಂಧಿಸಿದಂತೆ ಉಳಿದಿರುವ ಅತ್ಯಂತ ನಿಕಟವಾದ ಆಕರ ಅವರ ದೇಹಾವಶೇಷಗಳೇ. ಅವುಗಳಲ್ಲಿಯೂ ಕಾಲದ ಹೊಡೆತವನ್ನು ಹೆಚ್ಚು ತಾಳಿಕೊಂಡು ಬರುವುದು ಹಲ್ಲು.

ಹಲ್ಲಿನ ಈ ಬಾಳಿಕೆಗೆ ಅದರ ರಚನೆಯೇ ಕಾರಣ. ಅದರ ಹೊರ ಹೊದಿಕೆಯಾದ ಎನಾಮೆಲ್ ತೂಕದ ಲೆಕ್ಕದಲ್ಲಿ ಸುಮಾರು 96ರಷ್ಟು ಪ್ರತಿಶತ ಖನಿಜ. ಮಾನವ ದೇಹದಲ್ಲಿ ಇದಕ್ಕಿಂತ ಗಡುಸಾದ ವಸ್ತು ಮತ್ತೊಂದಿಲ್ಲ. ದಖ್ಖನಿನಂತಹ ಉಷ್ಣ ಪ್ರದೇಶದ ಮಣ್ಣಿನಲ್ಲಿ ಮೂಳೆ ಪುಡಿಯಾಗಿ ಹೋದರೂ ಹಲ್ಲು ಉಳಿಯುತ್ತದೆ. ಇದಕ್ಕಿಂತ ಮುಖ್ಯವಾದ ಇನ್ನೊಂದು ಗುಣವೂ ಉಂಟು. ಮೂಳೆ ಜೀವಮಾನವಿಡೀ ಸವೆದು ಹೊಸದಾಗುತ್ತಲೇ ಇರುತ್ತದೆ, ಎನಾಮೆಲ್ ಹಾಗಲ್ಲ. ಒಮ್ಮೆ ರೂಪುಗೊಂಡ ಮೇಲೆ ಅದು ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳುವುದಿಲ್ಲ. ಮೊದಲ ಶಾಶ್ವತ ದವಡೆಹಲ್ಲಿನ ತಲೆಭಾಗ ಮಗು ಹುಟ್ಟುವ ಹೊತ್ತಿಗೆ ರೂಪುಗೊಳ್ಳತೊಡಗಿ ಸುಮಾರು ಮೂರನೆಯ ವಯಸ್ಸಿಗೆ ಪೂರ್ಣಗೊಳ್ಳುತ್ತದೆ. ಮೂರನೆಯ ದವಡೆಹಲ್ಲಿನದು ಹದಿಹರೆಯದವರೆಗೂ ಮುಂದುವರಿಯುತ್ತದೆ. ಈ ಅವಧಿಯಲ್ಲಿ ಮಗುವಿಗೆ ತೀವ್ರ ಕಾಯಿಲೆ ಬಂದರೆ, ಹಸಿವಿನ ಕಾಲ ಎದುರಾದರೆ, ಎನಾಮೆಲ್ಲಿನ ಬೆಳವಣಿಗೆ ಕುಂಠಿತಗೊಂಡು ಹಲ್ಲಿನ ಮೇಲೆ ಅಡ್ಡಗೆರೆಯಾಗಿಯೋ ಕುಳಿಯಾಗಿಯೋ ಉಳಿದುಬಿಡುತ್ತದೆ. ಹಾಲುಹಲ್ಲುಗಳ ಸೂಕ್ಷ್ಮ ಸೀಳಿಕೆಯಲ್ಲಿ ಜನನದ ಗಳಿಗೆಯನ್ನು ಸೂಚಿಸುವ ಗೆರೆಯೊಂದು ಸೂಕ್ಷ್ಮದರ್ಶಕದಡಿ ಕಾಣುತ್ತದೆ. ಹೀಗೆ ನಲವತ್ತರ ಪ್ರಾಯದಲ್ಲಿ ಸತ್ತ ವ್ಯಕ್ತಿಯ ಬಾಯಲ್ಲಿ ಆತನ ಬಾಲ್ಯವೂ ಇರುತ್ತದೆ. ಸವೆತ, ಹುಳುಕು, ಗಟ್ಟಿಗಟ್ಟಿದ ಪಾಚಿ ಇವುಗಳ ರೂಪದಲ್ಲಿ ಆನಂತರದ ಬದುಕೂ ಇರುತ್ತದೆ. ಈ ಎರಡು ಕಾಲಗಳನ್ನು ಒಂದೇ ವಸ್ತುವಿನಲ್ಲಿ ಹಿಡಿದಿಡುವ ಆಕರ ಪುರಾತತ್ತ್ವದಲ್ಲಿ ವಿರಳ.

ಭಾರತದಲ್ಲಿ ಪ್ರಾಚೀನ ಮಾನವಾವಶೇಷಗಳ ಅಧ್ಯಯನ ಬಹುಕಾಲ ಬೇರೊಂದು ಪ್ರಶ್ನೆಯ ಸುತ್ತ ಸುತ್ತಿತು. ತಲೆಬುರುಡೆಯ ಉದ್ದಗಲಗಳನ್ನು ಅಳೆದು ಸತ್ತವನು ಯಾವ ಜನಾಂಗಕ್ಕೆ ಸೇರಿದವನೆಂದು ನಿರ್ಣಯಿಸುವುದೇ ಆ ಕಾಲದ ವರದಿಗಳ ಮುಖ್ಯ ಕಾಳಜಿಯಾಗಿತ್ತು. ಬೆರಳೆಣಿಕೆಯ ಬುರುಡೆಗಳಿಂದ ಇಡೀ ಜನಸಮುದಾಯಗಳ ವಲಸೆಯ ಕಥೆಗಳನ್ನು ಕಟ್ಟಿದ್ದುಂಟು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದ ಕೆನೆತ್ ಎ. ಆರ್. ಕೆನಡಿ, ಆರೆಗಾನ್ ವಿಶ್ವವಿದ್ಯಾನಿಲಯದ ಜಾನ್ ಆರ್. ಲ್ಯೂಕಾಕ್ಸ್, ಪುಣೆಯ ಡೆಕ್ಕನ್ ಕಾಲೇಜಿನ ಸುಭಾಷ್ ವಾಲಿಂಬೆ ಮುಂತಾದವರ ಶ್ರಮದಿಂದ ಪ್ರಶ್ನೆಯೇ ಬದಲಾಯಿತು. ಇವರು ಯಾರು ಎಂಬುದರ ಬದಲಿಗೆ ಇವರು ಹೇಗೆ ಬದುಕಿದರು, ಏನು ಉಂಡರು, ಯಾವ ವಯಸ್ಸಿನಲ್ಲಿ ನೊಂದರು ಎಂದು ಕೇಳಲಾಯಿತು. ದಂತಾಧ್ಯಯನದ ನಿಜವಾದ ಫಲ ದೊರೆತದ್ದು ಈ ಪಲ್ಲಟದ ನಂತರವೇ ಎನ್ನಬೇಕು.

ಕೃಷಿಗೆ ಮೊದಲಿನ ಸ್ಥಿತಿಯನ್ನು ತಿಳಿಯಲು ಗಂಗಾ ಬಯಲಿನ ಮಧ್ಯ ಶಿಲಾಯುಗದ ನೆಲೆಗಳು ನೆರವಾಗುತ್ತವೆ. ಉತ್ತರ ಪ್ರದೇಶದ ಪ್ರತಾಪಗಢ ಜಿಲ್ಲೆಯ ಸರಾಯ್ ನಾಹರ್ ರಾಯ್, ಮಹದಾಹಾ ಹಾಗೂ ದಮದಮಾ ಎಂಬಲ್ಲಿ ಅಲಹಾಬಾದ್ ವಿಶ್ವವಿದ್ಯಾನಿಲಯದವರು ನಡೆಸಿದ ಉತ್ಖನನಗಳಲ್ಲಿ ಬೇಟೆ ಮತ್ತು ಆಹಾರಸಂಗ್ರಹಣೆಯಿಂದ ಬದುಕಿದ ಜನರ ಸಮಾಧಿಗಳು ದೊರೆತವು. ಲ್ಯೂಕಾಕ್ಸ್ ಹಾಗೂ ಜೆ. ಎನ್. ಪಾಲ್ ಇವರ ಹಲ್ಲುಗಳನ್ನು ಪರೀಕ್ಷಿಸಿದಾಗ ಕಂಡದ್ದು ಭಾರಿ ಸವೆತ, ಆದರೆ ಬಹಳ ವಿರಳವಾದ ಹುಳುಕು. ಒರಟಾದ, ನಾರಿನಿಂದ ಕೂಡಿದ ಆಹಾರವನ್ನು ಬಲವಾಗಿ ಅಗಿಯುವವರ ಹಲ್ಲು ಬೇಗ ಸವೆಯುತ್ತದೆ. ಸವೆತದಿಂದ ಹಲ್ಲಿನ ಮೇಲಿನ ಸೀಳುಗಳು ಅಳಿಸಿಹೋಗುವುದರಿಂದ ಆಹಾರದ ಜಿಗುಟು ಅಲ್ಲಿ ನಿಲ್ಲುವುದಿಲ್ಲ. ಹುಳುಕಿಗೆ ಕಾರಣವಾದ ಸೂಕ್ಷ್ಮಜೀವಿಗಳಿಗೆ ಬೇಕಾದ್ದು ಹಿಟ್ಟು ಮತ್ತು ಸಿಹಿಯ ಅಂಶ. ಬೇಯಿಸಿ ಮೆದುವಾದ ಧಾನ್ಯವೇ ಮುಖ್ಯ ಆಹಾರವಾದಾಗ ಸವೆತ ತಗ್ಗುತ್ತದೆ, ಹುಳುಕು ಏರುತ್ತದೆ. ಜಗತ್ತಿನ ಅನೇಕ ಕಡೆ ಕಂಡುಬಂದಿರುವ ಈ ಸಾಮಾನ್ಯ ಕ್ರಮಕ್ಕೆ ಅಪವಾದಗಳೂ ಇವೆ. ಅವುಗಳಲ್ಲೊಂದು ಬಲೂಚಿಸ್ತಾನದ ಮೆಹರ್‌ಗಢ.

ಬೋಲನ್ ಕಣಿವೆಯ ಬಾಯಲ್ಲಿ, ಕಚ್ಛೀ ಬಯಲಿನ ಅಂಚಿನಲ್ಲಿರುವ ಮೆಹರ್‌ಗಢವನ್ನು 1974ರಿಂದ ಜ್ಯಾಂ-ಫ್ರಾಂಸ್ವಾ ಜಾರಿಜ್ ಅವರ ನೇತೃತ್ವದ ಫ್ರೆಂಚ್ ತಂಡ ಅಗೆಯಿತು. ಬಾರ್ಲಿ, ಗೋಧಿ ಬೆಳೆದ, ದನ-ಆಡುಗಳನ್ನು ಸಾಕಿದ ನೂತನ ಶಿಲಾಯುಗದ ಈ ಜನರ ಹಲ್ಲುಗಳಲ್ಲಿ ಹುಳುಕು ಹೆಚ್ಚಾಗಿರಬೇಕೆಂಬುದು ನಿರೀಕ್ಷೆ. ಆದರೆ ಅದು ಕಡಿಮೆಯಿತ್ತು. ಬದಲಿಗೆ ಹಲ್ಲುಗಳ ಮೇಲೆ ಕಂದು ಬಣ್ಣದ ಕಲೆಗಳಿದ್ದವು. ರಾಸಾಯನಿಕ ಪರೀಕ್ಷೆ ಮಾಡಿದಾಗ ಕುಡಿಯುವ ನೀರಿನಲ್ಲಿ ಸಹಜವಾಗಿಯೇ ಇದ್ದ ಫ್ಲೋರೈಡ್ ಈ ಕಲೆಗಳಿಗೆ ಕಾರಣವೆಂದೂ ಅದೇ ಅವರ ಹಲ್ಲುಗಳನ್ನು ಹುಳುಕಿನಿಂದ ತಕ್ಕಮಟ್ಟಿಗೆ ಕಾಪಾಡಿತೆಂದೂ ಲ್ಯೂಕಾಕ್ಸ್, ರೀಟೀಫ್ ಹಾಗೂ ಜಾರಿಜ್ 1985ರಲ್ಲಿ ಪ್ರತಿಪಾದಿಸಿದರು. ಪಾವಗಡದ ಕಡೆಯ ಹಳ್ಳಿಗಳಲ್ಲಿ ಕೊಳವೆಬಾವಿಯ ನೀರು ಕುಡಿದು ಬೆಳೆದವರ ಹಲ್ಲುಗಳನ್ನು ಕಂಡವರಿಗೆ ಈ ಕಲೆಗಳ ಪರಿಚಯವನ್ನು ಬೇರೆ ಮಾಡಿಕೊಡಬೇಕಾಗಿಲ್ಲ. ಹುಳುಕಿನ ಪ್ರಮಾಣವನ್ನು ಕಂಡೊಡನೆ ಆಹಾರವನ್ನು ಊಹಿಸಿಬಿಡುವುದು ಎಷ್ಟು ಅಪಾಯಕರವೆಂಬುದಕ್ಕೆ ಇದು ಒಳ್ಳೆಯ ನಿದರ್ಶನ. ನೀರಿನ ಗುಣವನ್ನು ತಿಳಿಯದೆ ಹಲ್ಲನ್ನು ಓದಲಾಗದು.

ಮೆಹರ್‌ಗಢದ ಜನರು ಹಲ್ಲನ್ನು ಉಣ್ಣುವುದಕ್ಕೆ ಮಾತ್ರ ಬಳಸಿದವರಲ್ಲ. ಕೆಲವರ ಮುಂದಿನ ಹಲ್ಲುಗಳ ಮೇಲೆ ಕಂಡುಬಂದ ಗೀರುಗಾಡಿಗಳನ್ನು ಲ್ಯೂಕಾಕ್ಸ್ ಮತ್ತು ಪಾಸ್ಟರ್ 1988ರಲ್ಲಿ ಅಧ್ಯಯನ ಮಾಡಿ, ಅವು ನಾರು ಅಥವಾ ನರವನ್ನು ಹಲ್ಲಿನ ನಡುವೆ ಎಳೆದು ಹದಮಾಡಿದ್ದರಿಂದ ಆದವೆಂದು ಅರ್ಥೈಸಿದರು. ಹುರಿ ಹೊಸೆಯುವವರು, ಚಮ್ಮಾರರು ಕೈಯೆರಡೂ ಸಾಲದಾದಾಗ ಹಲ್ಲನ್ನೇ ಮೂರನೆಯ ಕೈಯಾಗಿಸಿಕೊಳ್ಳುವುದು ಲೋಕರೂಢಿ. ಕುಶಲಕರ್ಮದ ಇತಿಹಾಸವನ್ನು ಉಪಕರಣಗಳಿಂದ ಮಾತ್ರ ಬರೆಯುವ ವಾಡಿಕೆಗೆ ಇಂತಹ ಸಾಕ್ಷ್ಯ ಒಂದು ಪೂರಕ. ಉಪಕರಣ ಸಿಕ್ಕಿದರೆ ಕೆಲಸ ಗೊತ್ತಾಗುತ್ತದೆ, ಹಲ್ಲು ಸಿಕ್ಕಿದರೆ ಕೆಲಸ ಮಾಡಿದವರು ಗಂಡಸೋ ಹೆಂಗಸೋ, ಎಳೆಯರೋ ಮುದುಕರೋ ಎಂಬುದೂ ಗೊತ್ತಾದೀತು.

ಈ ನೆಲೆಯ ಹೆಸರು ಜಗತ್ತಿನಾದ್ಯಂತ ಪ್ರಚಾರ ಪಡೆದದ್ದು 2006ರಲ್ಲಿ. ಆಲ್ಫ್ರೆಡೊ ಕೊಪ್ಪ, ರೊಬೆರ್ತೊ ಮಕ್ಕಿಯಾರೆಲ್ಲಿ, ಡೇವಿಡ್ ಫ್ರೇಯರ್ ಮೊದಲಾದ ವಿದ್ವಾಂಸರು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಬರಹದಲ್ಲಿ ಅಲ್ಲಿನ ಸ್ಮಶಾನದ 9 ಮಂದಿ ವಯಸ್ಕರ 11 ದವಡೆಹಲ್ಲುಗಳಲ್ಲಿ ಬೈರಿಗೆಯಿಂದ ಕೊರೆದ ರಂಧ್ರಗಳಿವೆಯೆಂದು ತೋರಿಸಿದರು. ರಂಧ್ರಗಳ ವ್ಯಾಸ 1.3ರಿಂದ 3.2 ಮಿಲಿಮೀಟರ್, ಆಳ ಅರ್ಧ ಮಿಲಿಮೀಟರಿನಿಂದ 3.5 ಮಿಲಿಮೀಟರಿನವರೆಗೆ. ಕೊರೆದ ಅಂಚುಗಳು ಅಗಿತದಿಂದ ನಯವಾಗಿ ಸವೆದಿರುವುದರಿಂದ ಈ ಕೆಲಸ ಬದುಕಿದ್ದಾಗಲೇ ನಡೆದದ್ದೆಂದೂ, ಆಮೇಲೂ ಅವರು ಆ ಹಲ್ಲಿನಿಂದ ಅಗಿದರೆಂದೂ ಸ್ಪಷ್ಟ. ಬಾಯಿಯ ಹಿಂಭಾಗದ ಹಲ್ಲುಗಳಾದ್ದರಿಂದ ಅಲಂಕಾರಕ್ಕಾಗಿ ಕೊರೆದದ್ದೆನ್ನುವಂತಿಲ್ಲ. ನಾಲ್ಕು ಹಲ್ಲುಗಳಲ್ಲಿ ಹುಳುಕಿನ ಕುರುಹೂ ಇತ್ತು. ಮೆಹರ್‌ಗಢದಲ್ಲಿ ಮಣಿಗಾರಿಕೆ ಬೆಳೆದಿತ್ತು. ಮಣಿಗಳನ್ನು ಕೊರೆಯುವ ಚಕಮಕಿ ಕಲ್ಲಿನ ಸಣ್ಣ ಮೊನೆಗಳು ಅಲ್ಲಿಯೇ ದೊರೆತಿವೆ. ಅಂತಹ ಮೊನೆಯನ್ನು ಬಿಲ್ಲಿನ ಬೈರಿಗೆಗೆ ಸಿಕ್ಕಿಸಿ ಪ್ರಯೋಗ ಮಾಡಿ ನೋಡಿದಾಗ ಎನಾಮೆಲ್ಲಿನಲ್ಲಿ ಇಂತಹ ರಂಧ್ರ ಕೊರೆಯಲು ಒಂದು ನಿಮಿಷವೂ ಬೇಕಾಗಲಿಲ್ಲ. ಮಣಿ ಕೊರೆಯುವವನ ಕೈಚಳಕವೇ ಹಲ್ಲುನೋವಿನ ಚಿಕಿತ್ಸೆಗೂ ಒದಗಿರಬೇಕೆಂಬ ಊಹೆ ಸಹಜವಾದುದೇ. ಕುತೂಹಲದ ಸಂಗತಿಯೆಂದರೆ, ಅದೇ ಊರಿನ ಆನಂತರದ ತಾಮ್ರಶಿಲಾಯುಗದ ಸ್ಮಶಾನದಲ್ಲಿ ಹಲ್ಲುಗಳು ಹಾಳಾಗಿದ್ದರೂ ಕೊರೆದ ಹಲ್ಲು ಒಂದೂ ಇಲ್ಲ. ತಂತ್ರಜ್ಞಾನ ಒಮ್ಮೆ ಹುಟ್ಟಿದರೆ ಮುಂದುವರಿಯುತ್ತಲೇ ಹೋಗುತ್ತದೆಂಬ ನಂಬಿಕೆಗೆ ಇದು ಪುಷ್ಟಿ ಕೊಡುವುದಿಲ್ಲ.

ಇಲ್ಲಿ ಎರಡು ತಿದ್ದುಪಡಿಗಳನ್ನು ದಾಖಲಿಸುವುದು ಅವಶ್ಯ. ಮೊದಲನೆಯದು, ಹಲ್ಲಿನ ಚಿಕಿತ್ಸೆಯ ಆದ್ಯ ಪುರಾವೆ ಮೆಹರ್‌ಗಢದ್ದೆಂಬ ಮಾತು ಈಗ ನಿಲ್ಲುವುದಿಲ್ಲ. ಇಟಲಿಯ ವಿಲ್ಲಾಬ್ರೂನ ಎಂಬಲ್ಲಿ ದೊರೆತ ಸುಮಾರು 14,000 ವರ್ಷಗಳ ಹಿಂದಿನ ಹಲ್ಲೊಂದರಲ್ಲಿ ಹುಳುಕನ್ನು ಕಲ್ಲಿನ ಮೊನೆಯಿಂದ ಕೆರೆದು ತೆಗೆದ ಗುರುತುಗಳಿವೆಯೆಂದು 2015ರಲ್ಲಿ ಪ್ರಕಟವಾಯಿತು. ಆದರೆ ಅದು ಕೆರೆದದ್ದು. ಬೈರಿಗೆಯಿಂದ ಕೊರೆದ ಮೆಹರ್‌ಗಢದ ಕ್ರಮವೇ ಬೇರೆ. ಎರಡನೆಯ ತಿದ್ದುಪಡಿ ಇದಕ್ಕಿಂತ ಗಂಭೀರವಾದುದು. ಮೆಹರ್‌ಗಢದಲ್ಲಿ ಕೃಷಿ ಕ್ರಿ.ಪೂ. 7000ದ ಸುಮಾರಿಗೆ ಆರಂಭವಾಯಿತೆಂಬುದು ನಮ್ಮ ಪಠ್ಯಪುಸ್ತಕಗಳೆಲ್ಲ ಒಪ್ಪಿಕೊಂಡ ಮಾತು. ಕೊರೆದ ಹಲ್ಲುಗಳಿಗೆ 7500ರಿಂದ 9000 ವರ್ಷಗಳ ಪ್ರಾಚೀನತೆಯನ್ನು ಹೇಳಿದ್ದೂ ಅದರ ಆಧಾರದಿಂದಲೇ. ಆ ಕಾಲನಿರ್ಣಯ ಒಂದಕ್ಕೊಂದು ಹೊಂದದ ಇದ್ದಿಲಿನ ಮಾದರಿಗಳನ್ನು ಅವಲಂಬಿಸಿತ್ತು. ಬೆಂಜಮಿನ್ ಮ್ಯುಟಿನ್, ಆಂಟ್ವಾನ್ ಜಾಜೊ ಮತ್ತಿತರರು 23 ಸಮಾಧಿಗಳ ಮಾನವ ಹಲ್ಲುಗಳ ಎನಾಮೆಲ್ಲನ್ನೇ ವಿಕಿರಣ ಇಂಗಾಲ ವಿಧಾನದಿಂದ ಪರೀಕ್ಷಿಸಿ 2025ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅದರ ಪ್ರಕಾರ ಸ್ಮಶಾನದ ಆರಂಭ ಸುಮಾರು ಕ್ರಿ.ಪೂ. 5200ರಿಂದ 4900ರ ನಡುವೆ. ಅದು ಬಳಕೆಯಲ್ಲಿದ್ದದ್ದು ಎರಡರಿಂದ ಐದು ಶತಮಾನಗಳಷ್ಟು ಕಾಲ ಮಾತ್ರ. ಎರಡು ಸಾವಿರ ವರ್ಷಗಳ ಈ ಇಳಿಕೆಯನ್ನು ಎಲ್ಲರೂ ಒಪ್ಪುವರೆಂದಲ್ಲ, ಚರ್ಚೆ ನಡೆಯಬೇಕಾದುದೇ. ಆದರೆ ಸಿಂಧೂ ಕಣಿವೆಯ ಕೃಷಿ ಅಲ್ಲಿಯೇ ನಿಧಾನವಾಗಿ ಹುಟ್ಟಿತೋ, ಪಶ್ಚಿಮದಿಂದ ಬಂದು ಬೇಗ ಬೇರೂರಿತೋ ಎಂಬ ಹಳೆಯ ವಿವಾದದಲ್ಲಿ ಈಗ ಯಾವ ಪಕ್ಷದವರೂ ಈ ಹಲ್ಲುಗಳನ್ನು ಬದಿಗೆ ಸರಿಸುವಂತಿಲ್ಲ.

ಕೃಷಿ ಆಳವಾಗಿ ಬೇರೂರಿ ನಗರಗಳು ಎದ್ದು ನಿಂತಾಗ ಹಲ್ಲಿನ ಸ್ಥಿತಿ ಏನಾಯಿತೆಂಬುದಕ್ಕೆ ಹರಪ್ಪಾ ಉತ್ತರ ಕೊಡುತ್ತದೆ. ರಾವಿ ನದಿಯ ದಂಡೆಯ ಈ ನಗರದ ಆರ್-37 ಎಂಬ ಸ್ಮಶಾನದ ಹಲ್ಲುಗಳನ್ನು ಕುರಿತ ಲ್ಯೂಕಾಕ್ಸರ ಅಧ್ಯಯನ 1992ರಲ್ಲಿ ಪ್ರಕಟವಾಯಿತು. ಪರೀಕ್ಷಿಸಿದ ಹಲ್ಲುಗಳಲ್ಲಿ ಶೇಕಡ 6.8ರಷ್ಟು ಹುಳುಕಾಗಿದ್ದವು. ಆದರೆ ಈ ಎಣಿಕೆಯಲ್ಲಿ ಒಂದು ತೊಡಕಿದೆ. ತೀರ ಹುಳುಕಾದ ಹಲ್ಲು ಬದುಕಿದ್ದಾಗಲೇ ಬಿದ್ದುಹೋಗುತ್ತದೆ. ಉಳಿದ ಹಲ್ಲುಗಳನ್ನು ಮಾತ್ರ ಎಣಿಸಿದರೆ ಹೆಚ್ಚು ನರಳಿದವರೇ ಹೆಚ್ಚು ಆರೋಗ್ಯವಂತರಾಗಿ ಕಾಣುತ್ತಾರೆ. ಹೀಗಾಗಿ ಉದುರಿದ ಹಲ್ಲುಗಳಲ್ಲಿ ಎಷ್ಟು ಪಾಲು ಹುಳುಕಿನಿಂದ ಹೋದವೆಂದು ಅಂದಾಜು ಮಾಡಿ ಸೇರಿಸುವ ವಿಧಾನವನ್ನು ಅವರು ರೂಪಿಸಿದರು. ಹಾಗೆ ತಿದ್ದಿದಾಗ ಪ್ರಮಾಣ 12.1ಕ್ಕೆ ಏರಿತು. ಹರಪ್ಪಾದ ಚರಂಡಿಗಳನ್ನು, ಸುಟ್ಟ ಇಟ್ಟಿಗೆಯ ಅಳತೆಯನ್ನು, ತೂಕದ ಬಟ್ಟುಗಳ ಏಕರೂಪತೆಯನ್ನು ಹೊಗಳುವ ಪುಟಗಳಲ್ಲಿ ಈ ಅಂಕಿಗೂ ಜಾಗ ಸಲ್ಲಬೇಕು.

ಅದಕ್ಕಿಂತ ಹೆಚ್ಚು ಯೋಚನೆಗೆ ಹಚ್ಚುವುದು ಗಂಡು-ಹೆಣ್ಣುಗಳ ನಡುವಿನ ಅಂತರ. ಹರಪ್ಪಾದ ಮಹಿಳೆಯರ ಹಲ್ಲುಗಳಲ್ಲಿ ಪುರುಷರಿಗಿಂತ ಹೆಚ್ಚು ಹುಳುಕಿತ್ತು. ಕೃಷಿ ಬಂದಂತೆ ಈ ಅಂತರ ಹೆಚ್ಚಿತೆಂದು ಲ್ಯೂಕಾಕ್ಸ್ 1996ರ ಬರಹದಲ್ಲಿ ತೋರಿಸಿದರು. ಇದಕ್ಕೆ ರೂಢಿಯಲ್ಲಿದ್ದ ವಿವರಣೆ ಸರಳವಾಗಿತ್ತು: ಧಾನ್ಯವನ್ನು ಕುಟ್ಟಿ ಬೀಸಿ ಅಡುಗೆ ಮಾಡುವವರು ಹೆಂಗಸರು, ಆದ್ದರಿಂದ ಹಿಟ್ಟಿನ ಪದಾರ್ಥವನ್ನು ಆಗಾಗ ಬಾಯಿಗೆ ಹಾಕಿಕೊಳ್ಳುವವರೂ ಅವರೇ. ಅಡುಗೆಮನೆಯ ಹೆಂಗಸರು ತಿನ್ನುತ್ತಲೇ ಇರುತ್ತಾರೆಂಬ ಈ ವಾದದಲ್ಲಿ ಪುರಾತತ್ತ್ವಕ್ಕಿಂತ ಗಂಡಸರ ಹಳೆಯ ಪೂರ್ವಗ್ರಹವೇ ಹೆಚ್ಚಾಗಿ ಕೆಲಸ ಮಾಡಿದೆಯೆಂದರೆ ತಪ್ಪಾಗಲಾರದು. 2008ರಲ್ಲಿ ಲ್ಯೂಕಾಕ್ಸ್ ಬೇರೊಂದು ಕಾರಣವನ್ನು ಮುಂದಿಟ್ಟರು. ಒಂದೆಡೆ ನೆಲೆನಿಂತ ಕೃಷಿಕ ಸಮಾಜಗಳಲ್ಲಿ ಹೆರಿಗೆಗಳ ನಡುವಿನ ಅಂತರ ತಗ್ಗಿ, ಒಬ್ಬಳೇ ತಾಯಿ ಹೆರುವ ಮಕ್ಕಳ ಸಂಖ್ಯೆ ಹೆಚ್ಚುತ್ತದೆ. ಬಸಿರಿನಲ್ಲಿ ಹಾರ್ಮೋನುಗಳ ಏರಿಳಿತದಿಂದ ಜೊಲ್ಲಿನ ಪ್ರಮಾಣ ಮತ್ತು ಗುಣ ಬದಲಾಗಿ ಹಲ್ಲಿಗೆ ಸಿಗುವ ರಕ್ಷಣೆ ಕುಗ್ಗುತ್ತದೆ. ಬಯಕೆಯ ಕಾಲದ ಆಹಾರವೂ ಇದಕ್ಕೆ ಸೇರಿಕೊಳ್ಳುತ್ತದೆ. ಎರಡು ವಿವರಣೆಗಳೂ ಪೂರ್ಣವಾಗಿ ಸಿದ್ಧಪಟ್ಟಿವೆಯೆನ್ನಲಾಗದು, ಅವು ಒಂದನ್ನೊಂದು ಹೊರಗಿಡಬೇಕಾಗಿಯೂ ಇಲ್ಲ. ಆದರೆ ಕಣಜ ತುಂಬಿದ್ದರ ಬೆಲೆಯನ್ನು ಹೆಚ್ಚಾಗಿ ತೆತ್ತವರು ತಾಯಂದಿರು ಎಂಬ ವಾಸ್ತವ ಎರಡರಲ್ಲಿಯೂ ಉಳಿಯುತ್ತದೆ.

ಹರಪ್ಪಾದ ಹಲ್ಲುಗಳು ಇನ್ನೊಂದು ಬಗೆಯ ವಿವರವನ್ನೂ ಕೊಟ್ಟಿವೆ. ನೆಲದ ಶಿಲೆಯಲ್ಲಿರುವ ಸ್ಟ್ರಾನ್ಷಿಯಂ ಧಾತುವಿನ ಸಮಸ್ಥಾನಿಗಳ ಅನುಪಾತ ಪ್ರದೇಶದಿಂದ ಪ್ರದೇಶಕ್ಕೆ ಭಿನ್ನವಾಗಿರುತ್ತದೆ. ಅದು ನೀರು, ಬೆಳೆಗಳ ಮೂಲಕ ಮಗುವಿನ ದೇಹಕ್ಕೆ ಸೇರಿ ಆಗ ರೂಪುಗೊಳ್ಳುತ್ತಿರುವ ಎನಾಮೆಲ್ಲಿನಲ್ಲಿ ನೆಲೆಯಾಗುತ್ತದೆ. ಸತ್ತ ಊರಿನ ಅನುಪಾತಕ್ಕೂ ಹಲ್ಲಿನ ಅನುಪಾತಕ್ಕೂ ಹೊಂದಿಕೆಯಿಲ್ಲದಿದ್ದರೆ ಆ ವ್ಯಕ್ತಿ ಬೇರೆಡೆ ಬೆಳೆದು ಬಂದವನೆಂದು ತಿಳಿಯಬಹುದು. ಜೊನಾಥನ್ ಮಾರ್ಕ್ ಕೆನೋಯರ್, ಡೌಗ್ಲಾಸ್ ಪ್ರೈಸ್ ಹಾಗೂ ಜೇಮ್ಸ್ ಬರ್ಟನ್ 2013ರಲ್ಲಿಯೂ ಬೆಂಜಮಿನ್ ವ್ಯಾಲಂಟೈನ್ ಮತ್ತು ಸಂಗಡಿಗರು ಸೀಸದ ಸಮಸ್ಥಾನಿಗಳನ್ನೂ ಸೇರಿಸಿಕೊಂಡು 2015ರಲ್ಲಿಯೂ ಪ್ರಕಟಿಸಿದ ಅಧ್ಯಯನಗಳ ಪ್ರಕಾರ, ಹರಪ್ಪಾದಲ್ಲಿ ಹೂಳಲ್ಪಟ್ಟವರಲ್ಲಿ ಹಲವರು ತಮ್ಮ ಎಳೆತನವನ್ನು ಆ ನಗರದಲ್ಲಿ ಕಳೆದವರಲ್ಲ. ಸುತ್ತಣ ದೂರದ ಸೀಮೆಗಳಿಂದ ಚಿಕ್ಕಪ್ರಾಯದಲ್ಲಿಯೇ ಬಂದು ಸೇರಿದವರು. ಹೊರಗಿನಿಂದ ಬಂದ ಕೆಲವು ಪುರುಷರ ಸಮಾಧಿಗಳು ಸ್ಥಳೀಯ ಮಹಿಳೆಯರ ಸಮಾಧಿಗಳ ಬಳಿ ಇರುವುದನ್ನು ಕಂಡು, ಗಂಡು ಹೆಣ್ಣಿನ ಮನೆಗೆ ಬಂದು ನೆಲೆಸುವ ಪದ್ಧತಿ ಇದ್ದಿರಬಹುದೆಂದು ಸೂಚಿಸಲಾಗಿದೆ. ಇದನ್ನು ಓದಿದ ಕೂಡಲೇ ತುಳುನಾಡಿನ ಅಳಿಯಸಂತಾನವನ್ನು ಸಿಂಧೂ ಕಣಿವೆಗೆ ಒಯ್ಯುವ ಉತ್ಸಾಹ ಬೇಡ. ಮನೆ ಅಳಿಯನಾಗಿ ಬರುವುದು ವಾಸದ ಪ್ರಶ್ನೆ. ಅಳಿಯಸಂತಾನ ಆಸ್ತಿಯ, ವಂಶದ ಪ್ರಶ್ನೆ. ಹಲ್ಲು ವಾಸವನ್ನು ಹೇಳೀತು, ಆಸ್ತಿಯನ್ನಲ್ಲ. ಅಲ್ಲದೆ ಆ ಮಹಾನಗರದ ಜನಸಂಖ್ಯೆಯ ಮುಂದೆ ಸ್ಮಶಾನದಲ್ಲಿ ದೊರೆತವರ ಸಂಖ್ಯೆ ತೀರ ಅಲ್ಪ. ಎಂಥವರನ್ನು ಹೂಳುತ್ತಿದ್ದರೆಂಬ ಆಯ್ಕೆಯೂ ಈ ಚಿತ್ರವನ್ನು ಓರೆಮಾಡಿರಬಹುದು.

ಆಹಾರದ ವಿಷಯದಲ್ಲಿ ಅತ್ಯಂತ ನೇರವಾದ ಸಾಕ್ಷಿ ಹಲ್ಲಿನ ಬುಡದಲ್ಲಿ ಕಲ್ಲಿನಂತೆ ಗಟ್ಟಿಯಾದ ಪಾಚಿ. ಜೊಲ್ಲಿನ ಖನಿಜಗಳು ಸೇರಿ ಗಟ್ಟಿಗೊಳ್ಳುವಾಗ ಉಂಡದ್ದರ ಸೂಕ್ಷ್ಮ ಕಣಗಳು ಅದರೊಳಗೆ ಸಿಕ್ಕಿಬೀಳುತ್ತವೆ. ಡೆಕ್ಕನ್ ಕಾಲೇಜಿನ ವಸಂತ ಶಿಂಧೆಯವರ ನೇತೃತ್ವದಲ್ಲಿ ಉತ್ಖನನಗೊಂಡ ಹರಿಯಾಣದ ಫರ್ಮಾನಾದ ಮಡಕೆಗಳನ್ನೂ ಮಾನವ ಹಲ್ಲುಗಳನ್ನೂ ಅರುಣಿಮಾ ಕಶ್ಯಪ್ ಮತ್ತು ಸ್ಟೀವ್ ವೆಬರ್ ಪರೀಕ್ಷಿಸಿ, ಅರಿಸಿನ, ಶುಂಠಿಗಳ ಪಿಷ್ಟಕಣಗಳನ್ನು ಗುರುತಿಸಿದುದಾಗಿ 2010ರಲ್ಲಿ ವರದಿ ಮಾಡಿದರು. ಹರಪ್ಪಾ ಕಾಲದ ಅಡುಗೆಯಲ್ಲಿ ಸಂಬಾರ ಪದಾರ್ಥವಿತ್ತೆಂಬ ಈ ಸಂಗತಿ ಪತ್ರಿಕೆಗಳಿಗೆ ಪ್ರಿಯವಾದದ್ದು ಸಹಜ. ತಾಂಬೂಲದ ವಿಚಾರವೂ ಇದಕ್ಕೆ ಹೊಂದಿಕೊಂಡದ್ದೇ. ಅಡಿಕೆ ಜಗಿದವರ ಹಲ್ಲು ಕೆಂಪಡರಿರುತ್ತದೆಂದು ಭಾವಿಸಿ ಕಲೆಯನ್ನೇ ಹುಡುಕುವ ವಾಡಿಕೆಯಿತ್ತು. ಥಾಯ್‌ಲ್ಯಾಂಡಿನ ನಾಂಗ್ ರಾಚಾವತ್ ಎಂಬ ನೆಲೆಯ ಸುಮಾರು 4000 ವರ್ಷ ಹಿಂದಿನ ಮಹಿಳೆಯೊಬ್ಬಳ ಹಲ್ಲಿನಲ್ಲಿ ಅಂತಹ ಕಲೆಯೇನೂ ಇರಲಿಲ್ಲ. ಆದರೂ ಅದರ ಪಾಚಿಯಲ್ಲಿ ಅಡಿಕೆಯ ರಾಸಾಯನಿಕ ಅಂಶಗಳು ಪತ್ತೆಯಾದುದು 2025ರಲ್ಲಿ ಪ್ರಕಟವಾಗಿದೆ. ಕಣ್ಣಿಗೆ ಕಾಣುವ ಗುರುತಿಲ್ಲವೆಂದ ಮಾತ್ರಕ್ಕೆ ಆಚರಣೆಯಿರಲಿಲ್ಲವೆನ್ನುವಂತಿಲ್ಲ.

ದಖ್ಖನಿನ ಮಟ್ಟಿಗೆ ಅತಿ ಸಮೃದ್ಧವಾದ ಆಕರ ಪುಣೆ ಜಿಲ್ಲೆಯ ಘೋಡ್ ನದಿಯ ದಂಡೆಯಲ್ಲಿರುವ ಇನಾಂಗಾವ್. ಎಚ್. ಡಿ. ಸಾಂಕಳಿಯಾ, ಝಡ್. ಡಿ. ಅನ್ಸಾರಿ, ಎಂ. ಕೆ. ಧವಳೀಕರ್ ಇವರ ಮಾರ್ಗದರ್ಶನದಲ್ಲಿ 1968ರಿಂದ ಹಲವು ಋತುಗಳ ಕಾಲ ನಡೆದ ಉತ್ಖನನದಲ್ಲಿ ಕ್ರಿ.ಪೂ. 1600ರಿಂದ 700ರವರೆಗಿನ ತಾಮ್ರಶಿಲಾಯುಗದ ಹಳ್ಳಿಯೊಂದು ಬಹುತೇಕ ಸಮಗ್ರವಾಗಿ ಬೆಳಕಿಗೆ ಬಂದಿತು. ಇನ್ನೂರಕ್ಕೂ ಮಿಕ್ಕ ಸಮಾಧಿಗಳಲ್ಲಿ ಹೆಚ್ಚಿನವು ಮಕ್ಕಳವು. ಎರಡು ಮಡಕೆಗಳ ಬಾಯಿಗೆ ಬಾಯಿ ಜೋಡಿಸಿ, ಒಳಗೆ ಮಗುವನ್ನಿಟ್ಟು, ಮನೆಯ ನೆಲದಡಿಯಲ್ಲಿಯೇ ಹೂಳುತ್ತಿದ್ದರು. ವಯಸ್ಕರನ್ನು ಅಂಗಾತ ಮಲಗಿಸಿ ಹೂಳುವಾಗ ಪಾದಗಳನ್ನು ಕತ್ತರಿಸಿದ್ದು ಚರ್ಚೆಗೆ ಹೆಚ್ಚು ಒಳಗಾಗಿದೆ. ಮಕ್ಕಳ ಮಡಕೆಗಳು ಅಷ್ಟಾಗಿ ಗಮನ ಸೆಳೆಯಲಿಲ್ಲ. ಆದರೆ ಹಳ್ಳಿಯ ಕಷ್ಟಸುಖ ಅಡಗಿದ್ದು ಅವುಗಳಲ್ಲಿಯೇ.

ಎಳೆಯ ಮೂಳೆಯಿಂದ ವಯಸ್ಸನ್ನು ಹೇಳುವುದು ಅಪಾಯ. ಉಪವಾಸವಿದ್ದ ಮಗುವಿನ ಮೂಳೆ ಗಿಡ್ಡದಾಗಿಯೇ ಇರುತ್ತದೆ. ಹಲ್ಲು ಮೂಡುವ ಕ್ರಮ ಹಸಿವಿಗೆ ಅಷ್ಟಾಗಿ ಜಗ್ಗುವುದಿಲ್ಲ. ಆದುದರಿಂದ ಹಲ್ಲಿನಿಂದ ವಯಸ್ಸನ್ನೂ ಮೂಳೆಯಿಂದ ಬೆಳವಣಿಗೆಯನ್ನೂ ಅಳೆದು ಪರಸ್ಪರ ಹೋಲಿಸಿದರೆ ಮಗು ತನ್ನ ವಯಸ್ಸಿಗೆ ತಕ್ಕಷ್ಟು ಬೆಳೆದಿತ್ತೇ ಎಂಬುದು ಗೊತ್ತಾಗುತ್ತದೆ. ಲ್ಯೂಕಾಕ್ಸ್ ಮತ್ತು ವಾಲಿಂಬೆ ಇಲ್ಲಿನ ಹಾಲುಹಲ್ಲುಗಳ ಪೈಕಿ ಕೋರೆಹಲ್ಲಿನ ಮೇಲೆ ಕಾಣುವ ಒಂದು ಬಗೆಯ ಕುಳಿಯನ್ನು ವಿಶೇಷವಾಗಿ ಅಭ್ಯಸಿಸಿ 1998ರಲ್ಲಿ ಬರೆದರು. ಹುಟ್ಟಿದ ಮೊದಲ ತಿಂಗಳುಗಳಲ್ಲಿ, ಪೋಷಣೆಯ ಕೊರತೆಯಿಂದ ದವಡೆಯ ಮೂಳೆ ತೆಳುವಾಗಿರುವ ಮಗುವಿನಲ್ಲಿ, ಒಳಗಿನ್ನೂ ರೂಪುಗೊಳ್ಳುತ್ತಿರುವ ಹಲ್ಲಿಗೆ ಸಣ್ಣ ಪೆಟ್ಟು ತಗುಲಿ ಈ ಕುಳಿ ಬೀಳುತ್ತದೆಂಬುದು ಒಪ್ಪಿತವಾದ ವಿವರಣೆ. ಮಗು ವಸ್ತುಗಳನ್ನು ಬಾಯಿಗೆ ಹಾಕಿಕೊಳ್ಳುವ ಆಟದ ಪೆಟ್ಟೇ ಸಾಕು. ಆ ಕೊರತೆ ಬಸಿರಿನಲ್ಲಿಯೋ ಬಾಣಂತನದಲ್ಲಿಯೋ ತಾಯಿಗಿದ್ದ ಕೊರತೆಯೂ ಆಗಿರಬಹುದು. ತಾಯಿಯ ಅಸ್ಥಿ ದೊರೆಯದಿದ್ದರೂ ಆಕೆಯ ಹಸಿವು ಮಗುವಿನ ಹಲ್ಲಿನಲ್ಲಿ ಉಳಿದಿದೆ.

ಇನಾಂಗಾವಿನಲ್ಲಿ ಕ್ರಿ.ಪೂ. 1000ದ ನಂತರ ಚೌಕದ ಮನೆಗಳು ಹೋಗಿ ದುಂಡು ಗುಡಿಸಲುಗಳು ಬಂದವು, ಬೇಸಾಯ ಕುಗ್ಗಿತು. ಮಳೆ ಕ್ಷೀಣಿಸಿದ್ದೇ ಇದಕ್ಕೆ ಕಾರಣವೆಂದು ಉತ್ಖನನಕಾರರು ನಿರ್ಣಯಿಸಿದ್ದರು. ಗ್ವೆನ್ ರಾಬಿನ್ಸ್ ಶುಗ್ 2011ರ ತಮ್ಮ ಗ್ರಂಥದಲ್ಲಿ ಇದೇ ಮಕ್ಕಳ ಹಲ್ಲು ಮತ್ತು ಮೂಳೆಗಳನ್ನು ಮತ್ತೆ ಪರಿಶೀಲಿಸಿ, ಹವಾಮಾನವೊಂದನ್ನೇ ಕಾರಣವಾಗಿಸುವ ಆ ವಿವರಣೆಯನ್ನು ಮರುವಿಮರ್ಶೆಗೆ ಒಡ್ಡಿದರು. ಬರಗಾಲವೆಂಬ ಒಂದೇ ಮಾತಿನಿಂದ ಹಳ್ಳಿಯೊಂದರ ಪತನವನ್ನು ವಿವರಿಸುವುದು ಸುಲಭ. ಮಕ್ಕಳು ಯಾವ ತಿಂಗಳಲ್ಲಿ, ಎಷ್ಟು ಬೆಳೆದು ಸತ್ತರೆಂದು ಎಣಿಸಿ ಅದನ್ನು ಪರೀಕ್ಷಿಸುವುದು ಕಷ್ಟ. ಕಷ್ಟದ ದಾರಿಯೇ ಇಲ್ಲಿ ಹೆಚ್ಚು ವಿಶ್ವಾಸಾರ್ಹ.

ಇನಾಂಗಾವಿನ ಮಡಕೆ ಸಮಾಧಿಗಳಿಗೂ ಬ್ರಹ್ಮಗಿರಿ, ಟೆಕ್ಕಲಕೋಟೆಗಳ ಮಡಕೆ ಸಮಾಧಿಗಳಿಗೂ ಇರುವ ಸಾಮ್ಯವನ್ನು ವಿದ್ವಾಂಸರು ಹಿಂದೆಯೇ ಗುರುತಿಸಿದ್ದಾರೆ. ಬಳ್ಳಾರಿ ಸೀಮೆಯ ಟೆಕ್ಕಲಕೋಟೆಯನ್ನು ಎಂ. ಎಸ್. ನಾಗರಾಜರಾವ್ ಅಗೆದು, ಅಲ್ಲಿನ ಮಾನವಾವಶೇಷಗಳನ್ನು ಪರಿಶೀಲಿಸಿದ ಕೆ. ಸಿ. ಮಲ್ಹೋತ್ರ ಅವರೊಡನೆ 1965ರಲ್ಲಿ ವರದಿಯನ್ನು ಹೊರತಂದರು. ಅದು ತನ್ನ ಕಾಲಕ್ಕೆ ಆದರ್ಶವೆನಿಸಿದ ವರದಿ. ಆದರೆ ಈ ಜನರ ಆಹಾರವೇನೆಂಬ ಪ್ರಶ್ನೆಗೆ ಹೆಚ್ಚಿನ ಉತ್ತರ ದೊರೆತದ್ದು ಆನಂತರ, ಡೋರಿಯನ್ ಫುಲ್ಲರ್ ಅವರು ರವಿ ಕೋರಿಶೆಟ್ಟರ್ ಮೊದಲಾದವರೊಂದಿಗೆ ಸಂಗನಕಲ್ಲು, ಹಳ್ಳೂರು ಮುಂತಾದ ನೆಲೆಗಳ ಮಣ್ಣನ್ನು ತೊಳೆದು ಸುಟ್ಟ ಬೀಜಗಳನ್ನು ಗುರುತಿಸಿದಾಗ. ಕೊರಲೆ, ನವಣೆಯ ಜಾತಿಗೆ ಸೇರಿದ ಇನ್ನೊಂದು ಕಿರುಧಾನ್ಯ, ಹುರುಳಿ, ಹೆಸರು ಇವು ದಕ್ಷಿಣದ ನೂತನ ಶಿಲಾಯುಗದ ಜನರ ಮುಖ್ಯ ಬೆಳೆಗಳು. ಇವರೇ ದನದ ಸಗಣಿಯನ್ನು ರಾಶಿ ಹಾಕಿ ಸುಟ್ಟು ಕುಡತಿನಿ, ಕುಪ್ಗಲ್, ಬೂದಿಹಾಳಗಳ ಬೂದಿಗುಡ್ಡಗಳನ್ನು ಉಳಿಸಿಹೋದವರು.

ಬೀಜ ಏನು ಬೆಳೆದರೆಂಬುದನ್ನು ಹೇಳುತ್ತದೆ. ಯಾರ ಬಾಯಿಗೆ ಎಷ್ಟು ಬಿತ್ತೆಂಬುದನ್ನು ಹೇಳುವುದಿಲ್ಲ. ಕಿರುಧಾನ್ಯಗಳು ಇಂಗಾಲವನ್ನು ಹೀರಿಕೊಳ್ಳುವ ಬಗೆ ಗೋಧಿ, ಬಾರ್ಲಿ, ಬೇಳೆಕಾಳುಗಳಿಗಿಂತ ಭಿನ್ನ. ಆ ಭಿನ್ನತೆ ಇಂಗಾಲದ ಸಮಸ್ಥಾನಿಗಳ ಅನುಪಾತವಾಗಿ ಎನಾಮೆಲ್ಲಿನಲ್ಲಿ ಉಳಿಯುತ್ತದೆ. ಹೀಗಾಗಿ ಕೊರಲೆ ಉಂಡು ಬೆಳೆದ ಮಗುವನ್ನು ಹುರುಳಿಯನ್ನೇ ಹೆಚ್ಚಾಗಿ ಉಂಡ ಮಗುವಿನಿಂದ ಬೇರ್ಪಡಿಸಲು ತಾತ್ತ್ವಿಕವಾಗಿ ಸಾಧ್ಯ. ಆದರೆ ಬೂದಿಗುಡ್ಡದ ಸೀಮೆಯಲ್ಲಿ ಒಂದು ಗಂಟಿದೆ. ದಖ್ಖನಿನ ಬಯಲ ಹುಲ್ಲುಗಳಲ್ಲಿಯೂ ಅನೇಕವು ಇಂಗಾಲವನ್ನು ಕಿರುಧಾನ್ಯಗಳಂತೆಯೇ ಹೀರುತ್ತವೆ. ಆ ಹುಲ್ಲು ಮೇದ ಹಸುವಿನ ಹಾಲು ಕುಡಿದ ಮಗುವಿನ ಹಲ್ಲಿನಲ್ಲಿಯೂ ಅದೇ ಗುರುತು ಮೂಡುತ್ತದೆ. ಎರಡನ್ನೂ ಬಿಡಿಸಲು ಸಾರಜನಕದ ಅನುಪಾತ ನೆರವಾದೀತು, ಆದರೆ ಅದಕ್ಕೆ ಹಲ್ಲಿನ ಒಳಪದರದ ಪ್ರೋಟೀನು ಉಳಿದಿರಬೇಕು. ನಮ್ಮ ಬಿಸಿಲಿನ ನೆಲದಲ್ಲಿ ಅದು ಉಳಿಯುವುದು ಅಪರೂಪ. ಇನ್ನೊಂದು ದಾರಿ ಗಟ್ಟಿಗೊಂಡ ಪಾಚಿಯದು. ಹಾಲಿನ ಪ್ರೋಟೀನೊಂದು ಸಾವಿರಾರು ವರ್ಷಗಳ ನಂತರವೂ ಪಾಚಿಯೊಳಗೆ ಉಳಿದಿರುವುದನ್ನು ಯುರೋಪು ಮತ್ತು ಪಶ್ಚಿಮ ಏಷ್ಯಾದ ಹಲ್ಲುಗಳಲ್ಲಿ 2014ರಿಂದೀಚೆಗೆ ಗುರುತಿಸಲಾಗಿದೆ. ದನವನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ಸಾಕಿದ ಜನರು ಅದರ ಹಾಲನ್ನು ಕುಡಿದರೋ, ಮಾಂಸಕ್ಕೂ ಸಗಣಿಗೂ ಮಾತ್ರ ಅದನ್ನು ಬಯಸಿದರೋ ಎಂಬುದಕ್ಕೆ ಉತ್ತರ ಇಂತಹ ಒಂದು ಚಿಟಿಕೆ ಪಾಚಿಯಲ್ಲಿ ದೊರೆತೀತು.

ಹಿಂದಿನ ತಲೆಮಾರಿನ ಉತ್ಖನನಗಳಲ್ಲಿ ದೊರೆತ ಹಲ್ಲನ್ನು ಬ್ರಷ್ಷಿನಿಂದ ಉಜ್ಜಿ, ತೊಳೆದು, ಬಿಳುಪಾದ ಮೇಲೆ ಅರಗಿನ ಲೇಪ ಕೊಟ್ಟು ಪೆಟ್ಟಿಗೆಗೆ ಸೇರಿಸುವುದು ಎಲ್ಲೆಡೆ ಇದ್ದ ಕ್ರಮ. ಪಾಚಿ ಆಗ ಕೊಳೆಯೆಂದೇ ಎಣಿಕೆ. ಈಗಿನ ಕ್ರಮದಲ್ಲಿ ದವಡೆಯನ್ನು ಸುತ್ತಣ ಮಣ್ಣಿನ ಸಮೇತ ಎತ್ತಿ, ಕೈಗವಸು ತೊಟ್ಟು, ನೀರು ತಾಗಿಸದೆ ಪ್ರಯೋಗಾಲಯಕ್ಕೆ ಒಯ್ಯುತ್ತಾರೆ. ಹೋಲಿಕೆಗೆಂದು ಪಕ್ಕದ ಮಣ್ಣಿನ ಹಿಡಿಯೊಂದನ್ನೂ ಬೇರೆಯಾಗಿ ಕಟ್ಟಿ ಗುರುತು ಹಾಕುತ್ತಾರೆ.